ನಿಂತ ಗಾಡಿಯನ್ನು ಎಬ್ಬಿಸಬೇಡಿ

ಮೋಟಾರ್‌ಸೈಕಲ್ಲನ್ನು ತಿಂಗಳುಗಟ್ಟಲೆ ನಿಲ್ಲಿಸಿ ಹೋಗುವವರಿಗೆ ಕರ್ನಾಟಕದ ಯಾವ ಊರಿನಲ್ಲಾದರೂ ಸಿಗುವ ಸಲಹೆ ಒಂದೇ: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಬೇಕು. ಗ್ಯಾರೇಜಿನ ಮೆಕ್ಯಾನಿಕ್ಕು, ಪಕ್ಕದ ಮನೆಯವರು, ಕಚೇರಿಯ ಗೆಳೆಯರು ಎಲ್ಲರೂ ಇದನ್ನೇ ಹೇಳುತ್ತಾರೆ. ಗಲ್ಫಿಗೆ ಹೊರಟ ಕರಾವಳಿಯ ಹುಡುಗನೂ ವರ್ಷದ ಮಟ್ಟಿಗೆ ಅಮೆರಿಕಕ್ಕೆ ಹೊರಟ ಬೆಂಗಳೂರಿನ ಎಂಜಿನಿಯರನೂ ಕೀಲಿಯನ್ನು ಅಪ್ಪನ ಕೈಗೆ ಕೊಟ್ಟು ಇದೇ ಮಾತು ಹೇಳಿ ಹೊರಡುತ್ತಾರೆ. ಅಪ್ಪ ಭಾನುವಾರ ತಪ್ಪಿಸದೆ ಶೆಡ್ಡಿಗೆ ಹೋಗಿ ಸ್ಟಾರ್ಟ್ ಮಾಡುತ್ತಾರೆ, ಸ್ವಲ್ಪ ರೇಸ್ ಕೊಡುತ್ತಾರೆ, ಐದು ನಿಮಿಷ ಕಳೆದ ಮೇಲೆ ಆಫ್ ಮಾಡಿ ಬರುತ್ತಾರೆ. ಆರು ತಿಂಗಳ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ, ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿರುತ್ತದೆ, ಸೈಲೆನ್ಸರಿನ ತಳ ತುಕ್ಕಿನಿಂದ ಉದುರುತ್ತಿರುತ್ತದೆ. ಆಗ ಸರಿಯಾಗಿ ಸ್ಟಾರ್ಟ್ ಮಾಡಲಿಲ್ಲವೆಂಬ ದೂರು ಅಪ್ಪನ ಮೇಲೆಯೇ ಬರುತ್ತದೆ. ಆದರೆ ಅಪ್ಪನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಸಲಹೆಯೇ ತಪ್ಪು, ಮತ್ತು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆ ಗಾಡಿ ಅಷ್ಟು ಬೇಗ ಹಾಳಾಗುತ್ತದೆ.

ಈ ಸಲಹೆ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಕಾರಣ ಅದರೊಳಗಿರುವ ಅರ್ಧ ಸತ್ಯ. ಓಡುವ ಗಾಡಿ ಕೆಡುವುದಿಲ್ಲ ಎಂಬುದು ನಿಜ. ದಿನವೂ ಇಪ್ಪತ್ತು ಕಿಲೋಮೀಟರ್ ಓಡುವ ಗಾಡಿ ಹತ್ತು ವರ್ಷ ನಿಶ್ಚಿಂತೆಯಿಂದ ಬಾಳುತ್ತದೆ. ತಪ್ಪಾಗುವುದು ಓಡುವುದರ ಗುಣವನ್ನು ಉರಿಯುವುದಕ್ಕೆ ಹಚ್ಚಿದಾಗ. ಓಡಿದ ಗಾಡಿಯಲ್ಲಿ ಎಂಜಿನ್ ಪೂರ್ತಿ ಕಾಯುತ್ತದೆ, ಆಯಿಲ್ ಬಿಸಿಯಾಗುತ್ತದೆ, ಸೈಲೆನ್ಸರಿನ ತುದಿಯವರೆಗೂ ಬಿಸಿ ಮುಟ್ಟಿ ಒಳಗಿನ ತೇವ ಹಾರಿಹೋಗುತ್ತದೆ, ಬ್ಯಾಟರಿ ತುಂಬುತ್ತದೆ. ಸ್ಟ್ಯಾಂಡಿನ ಮೇಲೆ ಐದು ನಿಮಿಷ ಉರಿದ ಗಾಡಿಯಲ್ಲಿ ಇವುಗಳಲ್ಲಿ ಒಂದೂ ನಡೆಯುವುದಿಲ್ಲ. ಇನ್ನು ಸ್ಟ್ಯಾಂಡಿನ ಮೇಲಿದ್ದಾಗ ಚೈನು, ಚಕ್ರದ ಬೇರಿಂಗು, ಬ್ರೇಕು, ಮುಂದಿನ ಫೋರ್ಕು, ಹಿಂದಿನ ಶಾಕ್ ಅಬ್ಸಾರ್ಬರು, ಟೈರು ಯಾವುವೂ ಅಲ್ಲಾಡುವುದೇ ಇಲ್ಲ. ನಿಂತಲ್ಲೇ ಜಡ್ಡುಗಟ್ಟುವ ಈ ಭಾಗಗಳಿಗೆ ಎಂಜಿನ್ನಿನ ಸದ್ದಿನಿಂದ ಯಾವ ಪ್ರಯೋಜನವೂ ಆಗುವುದಿಲ್ಲ.

ಹಾನಿಯ ಮೂಲ ನೀರು. ಪೆಟ್ರೋಲ್ ಎಂದರೆ ಮುಖ್ಯವಾಗಿ ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಮಿಶ್ರಣ. ಅದು ಉರಿದಾಗ ಜಲಜನಕವೆಲ್ಲ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹುಟ್ಟುವ ನೀರು ಹೆಚ್ಚು ಕಡಿಮೆ ಒಂದು ಲೀಟರ್. ಕೇಳಿದವರು ನಂಬಲಾರದ ಸಂಗತಿ ಇದು, ಆದರೆ ರಸಾಯನಶಾಸ್ತ್ರದ ಸರಳ ಲೆಕ್ಕ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಗಾಡಿಯ ಸೈಲೆನ್ಸರಿನಿಂದ ಬಿಳಿ ಹಬೆ ಬರುವುದನ್ನೂ, ಕೆಲವೊಮ್ಮೆ ಹನಿ ತೊಟ್ಟಿಕ್ಕುವುದನ್ನೂ ನೋಡದವರಿಲ್ಲ. ಆ ಹನಿ ಹೊರಗಿನ ಮಳೆನೀರಲ್ಲ, ಎಂಜಿನ್ನೇ ಹುಟ್ಟಿಸಿದ ನೀರು.

ಹೊಗೆಯೊಳಗಿನ ಈ ಆವಿ ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಲೋಹವನ್ನು ಮುಟ್ಟಿದರೆ ಹನಿಯಾಗಿ ಕೂರುತ್ತದೆ. ಐದು ನಿಮಿಷದಲ್ಲಿ ಎಂಜಿನ್ನಿನ ತಲೆ, ಅಂದರೆ ಸಿಲಿಂಡರ್ ಹೆಡ್ಡು, ಕೈ ಇಡಲಾರದಷ್ಟು ಕಾದಿರಬಹುದು. ಸೈಲೆನ್ಸರಿನ ಹಿಂಭಾಗ ಮಾತ್ರ ಇನ್ನೂ ಉಗುರುಬೆಚ್ಚಗೇ ಇರುತ್ತದೆ. ಒಮ್ಮೆ ಸ್ಟಾರ್ಟ್ ಮಾಡಿದಾಗ 20 ಮಿಲಿಲೀಟರ್ ಪೆಟ್ರೋಲ್ ಉರಿಯಿತೆಂದು ಇಟ್ಟುಕೊಂಡರೆ, ಆರು ತಿಂಗಳ 26 ಭಾನುವಾರಗಳಿಗೆ ಹೆಚ್ಚು ಕಡಿಮೆ ಅರ್ಧ ಲೀಟರ್ ನೀರು ಎಂಜಿನ್ ಮತ್ತು ಸೈಲೆನ್ಸರಿನ ಮೂಲಕ ಹಾಯ್ದಂತಾಯಿತು. ಅದರ ದೊಡ್ಡ ಪಾಲು ಆವಿಯಾಗಿ ಹೊರಗೆ ಹೋಗುತ್ತದೆ, ಉಳಿದದ್ದು ಒಳಗೇ ನಿಲ್ಲುತ್ತದೆ. ಹಾಗೆ ನಿಲ್ಲುವುದು ಶುದ್ಧ ನೀರಲ್ಲ. ಉರಿಯುವಾಗ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು ಅದರಲ್ಲಿ ಕರಗಿ ಅದು ಹುಳಿಯಾಗುತ್ತದೆ, ಆಮ್ಲೀಯವಾಗುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಪೆಟ್ರೋಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿದಿರುವುದರಿಂದ ಗಂಧಕದ ಆಮ್ಲದ ಕಾಟ ತಗ್ಗಿದೆ. ಆದರೆ ತಗಡಿಗೆ ತುಕ್ಕು ಹಿಡಿಸಲು ತೇವವೂ ಉಳಿದ ಆಮ್ಲವೂ ಸಾಕು. ಹೊರಗೆ ಮಿರಮಿರ ಮಿಂಚುವ ಸೈಲೆನ್ಸರು ಒಳಗಿನಿಂದಲೇ ಕೊಳೆಯುವುದು ಹೀಗೆ.

ಆಯಿಲಿಗೆ ಆಗುವ ಗತಿ ಇದಕ್ಕಿಂತ ಕೆಟ್ಟದ್ದು. ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ಉರಿದ ಅನಿಲದ ಸ್ವಲ್ಪ ಪಾಲು ಸದಾ ಕೆಳಗಿನ ಆಯಿಲ್ ಕೋಣೆಗೆ ಇಳಿಯುತ್ತಿರುತ್ತದೆ. ಲೋಹ ತಣ್ಣಗಿರುವಾಗ ಉಂಗುರಗಳು ಇನ್ನೂ ಸರಿಯಾಗಿ ಹಿಗ್ಗಿ ಕೂತಿರುವುದಿಲ್ಲ, ಆದ್ದರಿಂದ ಈ ಸೋರಿಕೆ ಹೆಚ್ಚು. ಅದರ ಮೇಲೆ ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಹಳೆಯ ಗಾಡಿಯಲ್ಲಿ ಚೋಕ್ ಎಳೆದು ಕೊಡುತ್ತಾರೆ, ಹೊಸ ಗಾಡಿಯಲ್ಲಿ ಕಂಪ್ಯೂಟರೇ ಲೆಕ್ಕ ಹಾಕಿ ಇಂಜೆಕ್ಟರಿನಿಂದ ಹೆಚ್ಚಿಗೆ ಸುರಿಯುತ್ತದೆ. ಈ ಹೆಚ್ಚಿನ ಪೆಟ್ರೋಲು ಸಿಲಿಂಡರಿನ ಗೋಡೆಗೆ ಅಂಟಿದ ಆಯಿಲಿನ ತೆಳು ಪದರವನ್ನು ತೊಳೆದು ಕೆಳಗಿಳಿಸುತ್ತದೆ. ಹೀಗೆ ಆಯಿಲಿಗೆ ನೀರೂ ಸೇರಿತು, ಪೆಟ್ರೋಲೂ ಸೇರಿತು. ಹದಿನೈದಿಪ್ಪತ್ತು ಕಿಲೋಮೀಟರ್ ಒಂದೇ ಸಮನೆ ಓಡಿದರೆ ಆಯಿಲ್ ನೂರು ಡಿಗ್ರಿಯ ಸುತ್ತಮುತ್ತ ಕಾದು ಇವೆರಡೂ ಆವಿಯಾಗಿ ಹೋಗುತ್ತವೆ. ಸ್ಟ್ಯಾಂಡಿನ ಮೇಲೆ ಐದು ನಿಮಿಷ ಉರಿದರೆ ಸೇರಿದ್ದು ಹೋಗುವುದಿಲ್ಲ, ಮುಂದಿನ ವಾರದ್ದು ಅದರ ಮೇಲೆ ಸೇರುತ್ತದೆ. ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಕಾಣುವ ಬಿಳಿ ಲೋಳೆ ಹೀಗೆ ಕೂಡಿಬಿದ್ದದ್ದು. ಆ ಲೋಳೆಯನ್ನು ಕಂಡ ಮೇಲೂ ವಾರ ತಪ್ಪಿಸದೆ ಸ್ಟಾರ್ಟ್ ಮಾಡಿ ಎನ್ನುವ ಮೆಕ್ಯಾನಿಕ್ಕುಗಳಿದ್ದಾರೆ ಎಂಬುದು ಬೇಸರದ ಸಂಗತಿ.

ಎಂಜಿನ್ನು ಅತಿ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ, ಆಯಿಲ್ ಇನ್ನೂ ಮೇಲಿನ ಕ್ಯಾಮ್‌ವರೆಗೆ ಏರಿರದ ಹೊತ್ತಿನಲ್ಲಿ. ನಿಂತೇ ಇದ್ದರೆ ಆಯಿಲೆಲ್ಲ ಇಳಿದು ಎಂಜಿನ್ ಒಣಗುತ್ತದೆ, ಅದಕ್ಕೇ ಸ್ಟಾರ್ಟ್ ಮಾಡಬೇಕು ಎಂಬ ವಾದ ಇಲ್ಲಿ ತಾನೇ ತನಗೆ ತಿರುಗುತ್ತದೆ. ಆಯಿಲ್ ಇಳಿದಿರುವಾಗ ಸ್ಟಾರ್ಟ್ ಮಾಡುವುದೇ ಸವೆತಕ್ಕೆ ಕಾರಣವಾದರೆ, ಆರು ತಿಂಗಳಿಗೆ ಒಮ್ಮೆ ಸವೆಸುವುದು ಲೇಸೋ ಇಪ್ಪತ್ತಾರು ಸಲವೋ? ಮೇಲಾಗಿ ಎರಡು ಲೋಹಗಳು ಒತ್ತಿಕೊಂಡಿರುವ ಜಾಗದ ಪದರ ವಾರದಲ್ಲಿ ಒಣಗಿಹೋಗುವಂಥದ್ದಲ್ಲ, ತಿಂಗಳುಗಳ ಕಾಲ ಅಲ್ಲೇ ಹಿಡಿದು ನಿಲ್ಲುತ್ತದೆ.

ಬ್ಯಾಟರಿಗಾಗಿಯೇ ಸ್ಟಾರ್ಟ್ ಮಾಡುವುದು ಎನ್ನುವವರಿಗೆ ಲೆಕ್ಕವೇ ಉತ್ತರ. ಸಾಮಾನ್ಯ ಗಾಡಿಯ ಬ್ಯಾಟರಿ 4ರಿಂದ 9 ಆಂಪಿಯರ್ ಅವರಿನದು. ಕೀಲಿ ತೆಗೆದಿದ್ದರೂ ಮೀಟರಿನ ಗಡಿಯಾರ, ಕಂಪ್ಯೂಟರಿನ ನೆನಪು, ಅಲಾರ್ಮ್ ಇವು ಸ್ವಲ್ಪ ಸ್ವಲ್ಪವೇ ಕರೆಂಟು ಹೀರುತ್ತಿರುತ್ತವೆ. ಅದು ಬರೀ 5 ಮಿಲಿ ಆಂಪಿಯರ್ ಎಂದುಕೊಂಡರೂ ವಾರದ 168 ಗಂಟೆಗೆ 0.84 ಆಂಪಿಯರ್ ಅವರ್ ಖಾಲಿ. ಕಳ್ಳತನದ ಭಯಕ್ಕೆ ಜಿಪಿಎಸ್ ಟ್ರ್ಯಾಕರ್ ಕೂರಿಸಿದ್ದರೆ ಇನ್ನೂ ಹೆಚ್ಚು. ಈಗ ತುಂಬುವ ಲೆಕ್ಕ. ಸ್ಲೋದಲ್ಲಿ ಉರಿಯುವ ಎಂಜಿನ್ನಿನಿಂದ ಬ್ಯಾಟರಿಗೆ 1 ಆಂಪಿಯರ್ ಸಿಕ್ಕಿತೆನ್ನೋಣ, ಐದು ನಿಮಿಷಕ್ಕೆ 0.083 ಆಂಪಿಯರ್ ಅವರ್. ಕಳೆದುಕೊಂಡದ್ದರ ಹತ್ತನೆಯ ಒಂದು ಪಾಲು. ಸೆಲ್ಫ್ ಹೊಡೆಯಲು ಹೋದದ್ದನ್ನು ಅದರಲ್ಲೂ ಕಳೆಯಬೇಕು. 2017ರ ಏಪ್ರಿಲ್ 1ರ ನಂತರದ ಗಾಡಿಗಳಲ್ಲಿ ಎಂಜಿನ್ ಉರಿಯುವಷ್ಟು ಹೊತ್ತೂ ಹೆಡ್‌ಲೈಟ್ ತಾನಾಗಿ ಉರಿಯುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. 35 ವ್ಯಾಟಿನ ಹ್ಯಾಲೊಜೆನ್ ಬಲ್ಬೊಂದೇ ಸುಮಾರು 3 ಆಂಪಿಯರ್ ತಿನ್ನುತ್ತದೆ. ಆದ್ದರಿಂದ 1 ಆಂಪಿಯರ್ ಎಂದದ್ದೂ ಉದಾರವಾಗಿಯೇ ಎಂದದ್ದು. ವಾರವಾರವೂ ತುಂಬಿಸುತ್ತಿದ್ದೇವೆಂಬ ನಂಬಿಕೆಯಲ್ಲಿ ಬ್ಯಾಟರಿ ವಾರವಾರವೂ ಇಳಿಯುತ್ತಾ ಹೋಗುತ್ತದೆ. ಅರೆಖಾಲಿ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಬೆಳೆಯುತ್ತವೆ. ಹಾಗೆ ಗಟ್ಟಿಯಾದ ಹರಳು ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಬರುವ ಮಾರುತ್ತರ, ಐದು ನಿಮಿಷ ಸಾಲದಿದ್ದರೆ ಇಪ್ಪತ್ತು ನಿಮಿಷ ಬಿಟ್ಟರಾಯಿತು ಎಂಬುದು. ನಮ್ಮ ರಸ್ತೆಯ ಬಹುಪಾಲು ಗಾಡಿಗಳು ಗಾಳಿಯಿಂದ ತಣಿಯುವಂಥವು. ಎಂಜಿನ್ನಿನ ಸುತ್ತಲಿನ ರೆಕ್ಕೆಗಳು ಕೆಲಸ ಮಾಡುವುದು ಗಾಡಿ ಚಲಿಸಿ ಎದುರುಗಾಳಿ ಬಡಿದಾಗ. ನಿಂತಲ್ಲೇ ಇಪ್ಪತ್ತು ನಿಮಿಷ ಉರಿದರೆ ಹೆಡ್ಡು ಮಿತಿಮೀರಿ ಕಾಯುತ್ತದೆ, ಸೈಲೆನ್ಸರಿನ ಬೆಂಡು ನೀಲಿಗಟ್ಟುತ್ತದೆ, ಹಿಂತುದಿ ಆಗಲೂ ಸಾಕಷ್ಟು ಬಿಸಿಯಾಗುವುದಿಲ್ಲ. ರೇಸ್ ಕೊಟ್ಟು ಬೇಗ ಬಿಸಿ ಮಾಡುತ್ತೇವೆ ಎನ್ನುವವರು ಆಯಿಲ್ ಇನ್ನೂ ತಲುಪದ ಎಂಜಿನ್ನನ್ನು ನಾಲ್ಕೈದು ಸಾವಿರ ಸುತ್ತಿಗೆ ಎಬ್ಬಿಸಿ ಇನ್ನಷ್ಟು ಸವೆಸುತ್ತಾರೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ, ಗಾಳಿಯಾಡದ ಬೇಸ್‌ಮೆಂಟಿನಲ್ಲಿ ಇಪ್ಪತ್ತು ನಿಮಿಷ ಗಾಡಿ ಉರಿಸಿದರೆ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿ ನಿಂತ ವಯಸ್ಸಾದವರಿಗೆ ತಲೆಸುತ್ತು ಬರುವವರೆಗೂ ಗೊತ್ತಾಗುವುದಿಲ್ಲ, ಕೆಲವೊಮ್ಮೆ ಅಷ್ಟರಲ್ಲಿ ತಡವಾಗಿರುತ್ತದೆ. ಗಾಡಿಯ ಆರೋಗ್ಯಕ್ಕೆಂದು ಅಪ್ಪನ ಜೀವವನ್ನು ಒಡ್ಡುವ ಸಲಹೆಯನ್ನು ಯಾರೂ ಕೊಡಬಾರದು.

ಎದುರಾಳಿಯ ಮಾತಿನಲ್ಲಿ ಒಪ್ಪಬೇಕಾದದ್ದೂ ಒಂದಿದೆ. ಕಾರ್ಬೊರೇಟರಿನ ಗಾಡಿಯಲ್ಲಿ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಕಿರಿದು. ಬಟ್ಟಲಿನಲ್ಲಿ ನಿಂತ ಪೆಟ್ರೋಲ್ ಆರಿ ಉಳಿಯುವ ಅಂಟು ಅದನ್ನು ಮುಚ್ಚಿಬಿಡುತ್ತದೆ. ವಾರವಾರವೂ ಸ್ಟಾರ್ಟ್ ಮಾಡಿದರೆ ಹೊಸ ಪೆಟ್ರೋಲ್ ಹಾಯ್ದು ತೂತು ತೆರೆದೇ ಇರುವುದು ಸಾಧ್ಯ. ಆದರೆ ಆ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಹೊರಗೆ ಬಿಟ್ಟರೆ ಅಂಟಾಗಲು ಅಲ್ಲಿ ಏನೂ ಉಳಿಯುವುದಿಲ್ಲ. ಎರಡು ನಿಮಿಷದ ಆ ಕೆಲಸದ ಬದಲು ಆರು ತಿಂಗಳು ಸೈಲೆನ್ಸರನ್ನೂ ಆಯಿಲನ್ನೂ ಬ್ಯಾಟರಿಯನ್ನೂ ಬಲಿಕೊಡುವುದಕ್ಕೆ ಅರ್ಥವಿಲ್ಲ.

ಹಳಬರ ಅನುಭವವನ್ನೂ ತಳ್ಳಿಹಾಕಬೇಕಾಗಿಲ್ಲ, ಅದು ಯಾವ ಗಾಡಿಯ ಅನುಭವ ಎಂದು ನೋಡಬೇಕು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಅವುಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು, ಕ್ರ್ಯಾಂಕಿನ ಬೇರಿಂಗಿಗೆ ಎಣ್ಣೆ ಸಿಗುತ್ತಿದ್ದುದು ಎಂಜಿನ್ ಓಡಿದಾಗಲೇ. ಉರಿದ ಅನಿಲ ಇಳಿದು ಕೆಡಿಸುವಂಥ ಆಯಿಲಿನ ಕೊಳ ಎಂಜಿನ್ನಿನ ಅಡಿಯಲ್ಲಿ ಇರಲಿಲ್ಲ, ಗೇರ್ ಬಾಕ್ಸಿನ ಆಯಿಲ್ ಬೇರೆಯೇ ಇತ್ತು. ಒದ್ದು ಸ್ಟಾರ್ಟ್ ಮಾಡುವ ಗಾಡಿ, ಸೆಲ್ಫಿಗೆ ಬ್ಯಾಟರಿಯ ಖರ್ಚಿಲ್ಲ. ಹೆಡ್‌ಲೈಟು ಬೇಕಾದಾಗ ಮಾತ್ರ. ಅಂಥ ಗಾಡಿಯಲ್ಲಿ ಭಾನುವಾರದ ಐದು ನಿಮಿಷ ಇಷ್ಟು ಕೇಡು ಮಾಡುತ್ತಿರಲಿಲ್ಲ. ಅದೇ ಮಾತನ್ನು ಇಂದಿನ ಫೋರ್ ಸ್ಟ್ರೋಕ್, ಫ್ಯೂಯಲ್ ಇಂಜೆಕ್ಷನ್ ಗಾಡಿಗೆ ಹೇಳುವುದು, ಮಗುವಾಗಿದ್ದಾಗ ಕೊಟ್ಟ ಔಷಧಿಯನ್ನು ಮುದುಕನಾದ ಮೇಲೂ ಕೊಟ್ಟಂತೆ.

ಹಾಗಾದರೆ ದಾರಿ ಎರಡೇ. ಮನೆಯಲ್ಲಿ ಲೈಸೆನ್ಸಿರುವ, ಮನಸ್ಸಿರುವ ಒಬ್ಬರಿದ್ದರೆ ಎರಡು ವಾರಕ್ಕೊಮ್ಮೆ ಗಾಡಿಯನ್ನು ರಸ್ತೆಗಿಳಿಸಿ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸುವುದು. ಅಂಥವರಿಲ್ಲದಿದ್ದರೆ ಗಾಡಿಯನ್ನು ಸರಿಯಾಗಿ ಸಜ್ಜುಗೊಳಿಸಿ ಮಲಗಿಸುವುದು, ಹಾಗೆ ಮಲಗಿಸಿದ್ದನ್ನು ನಡುವೆ ಎಬ್ಬಿಸದಿರುವುದು. ಮೂರು ವಾರದೊಳಗಿನ ಗೈರುಹಾಜರಿಗೆ ಏನೂ ಬೇಕಾಗಿಲ್ಲ. ತಿಂಗಳೆರಡು ತಿಂಗಳಾದರೆ ಬ್ಯಾಟರಿ ಬಿಚ್ಚಿಟ್ಟು ಟ್ಯಾಂಕು ತುಂಬಿಸಿದರೆ ಸಾಕು. ಮೂರು ತಿಂಗಳು ಮೀರಿದರೆ ಪೂರ್ತಿ ತಯಾರಿ ಬೇಕು.

ತಯಾರಿ ಶುರುವಾಗುವುದು ಒಂದು ಸವಾರಿಯಿಂದ. ಗಾಡಿಯನ್ನು ತೊಳೆದು, ತೊಳೆದ ನೀರು ಸಂದಿಗೊಂದಿಯಲ್ಲಿ ಉಳಿಯದಂತೆ ಹದಿನೈದು ಕಿಲೋಮೀಟರ್ ಓಡಿಸಿ, ಮನೆಗೆ ಹತ್ತಿರದ ಬಂಕಿನಲ್ಲಿ ಟ್ಯಾಂಕು ತುಂಬಿಸಬೇಕು. ನಿಲ್ಲಿಸುವ ಗಾಡಿಗೆ ಪೆಟ್ರೋಲ್ ಯಾಕೆ, ಖಾಲಿ ಮಾಡಿಡಿ ಎಂಬ ಇನ್ನೊಂದು ತಪ್ಪು ಮಾತು ಇಲ್ಲಿ ಅಡ್ಡ ಬರುತ್ತದೆ. ಉಕ್ಕಿನ ತಗಡಿನ ಟ್ಯಾಂಕು ಅರೆಖಾಲಿಯಿದ್ದರೆ ಹಗಲು ಕಾದು ರಾತ್ರಿ ತಣಿಯುವಾಗ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ತೇವ ಬರಿಗೋಡೆಯ ಮೇಲೆ ಹನಿಯಾಗುತ್ತದೆ, ತುಕ್ಕು ಹುಟ್ಟುತ್ತದೆ. ಹಳೆಯ ಕೈಪಿಡಿಗಳು ಟ್ಯಾಂಕನ್ನು ಬರಿದು ಮಾಡಿ ಎಂದಾಗ ಒಳಗೋಡೆಗೆಲ್ಲ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಿ ಎಂದೂ ಹೇಳಿದ್ದವು. ಜನ ಮೊದಲರ್ಧ ಉಳಿಸಿಕೊಂಡು ಎರಡನೆಯದನ್ನು ಬಿಟ್ಟರು. ಇಂಜೆಕ್ಷನ್ ಗಾಡಿಯಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುವುದರಿಂದ ತುಂಬಿದ ಟ್ಯಾಂಕೇ ಕ್ಷೇಮ. ಬಾಯಿವರೆಗೂ ಸುರಿಯಬಾರದು. ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರದಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ, 12 ಲೀಟರಿನ ಟ್ಯಾಂಕಿನಲ್ಲಿ 15 ಡಿಗ್ರಿ ಏರಿದರೆ ಸುಮಾರು 180 ಮಿಲಿಲೀಟರ್. ಅಷ್ಟು ಜಾಗ ಬಿಡಬೇಕು.

ಈಗಿನ ಪೆಟ್ರೋಲಿನ ಗುಣವೂ ಬೇರೆ. ಶೇಕಡ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಅದೇ. ಎಥೆನಾಲ್ ನೀರನ್ನು ಕರೆದು ಸೇರಿಸಿಕೊಳ್ಳುತ್ತದೆ. ಸ್ವಲ್ಪ ನೀರು ಸೇರಿದರೆ ಅದು ಪೆಟ್ರೋಲಿನಲ್ಲಿ ಬೆರೆತೇ ಇರುತ್ತದೆ, ಮಿತಿ ಮೀರಿದರೆ ನೀರೂ ಎಥೆನಾಲೂ ಕೈಹಿಡಿದು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ತಳದಿಂದಲೇ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದ್ದರಿಂದ ಈ ಅಪಾಯ ಬಹಳ ಕಡಿಮೆ. ಆರು ತಿಂಗಳು ಮೀರುವುದಾದರೆ ಫ್ಯೂಯಲ್ ಸ್ಟೆಬಿಲೈಸರ್ ಹಾಕಬೇಕು, ಅದನ್ನು ಬಂಕಿನಲ್ಲೇ ಬೆರೆಸಿ ಮನೆಯವರೆಗೆ ಓಡಿಸಿದರೆ ಇಂಜೆಕ್ಟರಿನವರೆಗೂ ತಲುಪುತ್ತದೆ. ಕಾರ್ಬೊರೇಟರಿನ ಗಾಡಿಯಾದರೆ ಮನೆಗೆ ಬಂದೊಡನೆ ಪೆಟ್ರೋಲ್ ಕಾಕ್ ಮುಚ್ಚಿ ಬಟ್ಟಲು ಬರಿದು ಮಾಡಬೇಕು. 2023ರ ಏಪ್ರಿಲಿಗಿಂತ ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಎಥೆನಾಲಿಗೆಂದು ಮಾಡಿದವಲ್ಲದಿರಬಹುದು, ಬಿರುಕು ಬಿಟ್ಟಿದ್ದರೆ ಆಗಲೇ ಬದಲಿಸುವುದು ಒಳಿತು.

ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಬದಲಿಸಬೇಕು. ನಿಲ್ಲುವ ಗಾಡಿಗೆ ಹೊಸ ಆಯಿಲ್ ದಂಡ, ತೆಗೆಯುವಾಗ ಹಾಕಿದರಾಯಿತು ಎಂಬುದು ಗ್ಯಾರೇಜುಗಳ ರೂಢಿಯ ಮಾತು. ಬಳಸಿದ ಆಯಿಲಿನಲ್ಲಿ ಆಮ್ಲವಿದೆ, ತೇವವಿದೆ, ಮಸಿಯಿದೆ. ಆರು ತಿಂಗಳು ಬೇರಿಂಗುಗಳು ಮುಳುಗಿರಬೇಕಾದದ್ದು ಇದರಲ್ಲೋ ಶುದ್ಧ ಆಯಿಲಿನಲ್ಲೋ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ವರ್ಷದೊಳಗೆ ಗಾಡಿ ತೆಗೆದರೆ ಅದೇ ಆಯಿಲಿನಲ್ಲಿ ಓಡಿಸಬಹುದು, ದಂಡವಾಗುವುದೇನೂ ಇಲ್ಲ.

ಮುಂದಿನದು ಸಿಲಿಂಡರ್. ಎಂಜಿನ್ ಪೂರ್ತಿ ತಣಿದ ಮೇಲೆ ಪ್ಲಗ್ಗು ಬಿಚ್ಚಿ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರಿನಷ್ಟು ಎಂಜಿನ್ ಆಯಿಲನ್ನು ತೂತಿನಿಂದ ಒಳಗೆ ಬಿಡಬೇಕು. ಕೀಲಿ ಆಫ್ ಇರುವಾಗಲೇ ಕಿಕ್ಕರನ್ನು ನಿಧಾನವಾಗಿ ನಾಲ್ಕು ಸಲ ಒತ್ತಿದರೆ ಎಣ್ಣೆ ಗೋಡೆಗೆಲ್ಲ ಹರಡುತ್ತದೆ. ಕಿಕ್ಕರಿಲ್ಲದ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದೇ ಕೆಲಸವಾಗುತ್ತದೆ. ಕೊನೆಯ ಸುತ್ತಿನಲ್ಲಿ ಪ್ಲಗ್ಗಿನ ತೂತಿಗೆ ಬೆರಳಿಟ್ಟಿರಬೇಕು. ಗಾಳಿ ಬೆರಳನ್ನು ಒತ್ತಿ ತಳ್ಳುವಾಗ ಪಿಸ್ಟನ್ ಮೇಲೇರುತ್ತಿದೆ, ಎರಡೂ ವಾಲ್ವುಗಳು ಮುಚ್ಚಿವೆ ಎಂದರ್ಥ. ಅದರ ತುದಿಯಲ್ಲಿ ನಿಲ್ಲಿಸಿ ಪ್ಲಗ್ಗು ಹಾಕಿದರೆ ಸೈಲೆನ್ಸರಿನ ಕಡೆಯಿಂದ ತೇವದ ಗಾಳಿ ಸಿಲಿಂಡರಿಗೆ ನುಗ್ಗುವುದಿಲ್ಲ. ಈ ಒಂದು ಉಪಾಯ ಬಲ್ಲವರು ಎಷ್ಟು ಕಡಿಮೆ ಎಂದು ನೆನೆದರೆ ಆಶ್ಚರ್ಯವಾಗುತ್ತದೆ, ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಈ ಎಣ್ಣೆಯೂ ಸುಟ್ಟುಹೋಗುತ್ತದೆ, ಈ ಮುಚ್ಚಿದ ಸ್ಥಿತಿಯೂ ತಪ್ಪುತ್ತದೆ. ಸಜ್ಜುಗೊಳಿಸಿದ ಗಾಡಿಯನ್ನು ನಡುವೆ ಎಬ್ಬಿಸಬಾರದೆನ್ನುವುದು ಅದಕ್ಕಾಗಿಯೇ.

ಸೈಲೆನ್ಸರಿನ ಬಾಯಿಗೆ ಎಣ್ಣೆ ಬಟ್ಟೆ ತುರುಕಿ ಮೇಲೆ ಪ್ಲಾಸ್ಟಿಕ್ ಕಟ್ಟಬೇಕು. ತೇವದಷ್ಟೇ ಕಡಜಗಳ ಕಾಟವೂ ಉಂಟು, ಕುಂಬಾರ ಹುಳ ಆ ತೂತಿನಲ್ಲಿ ಮಣ್ಣಿನ ಗೂಡು ಕಟ್ಟಿದರೆ ಎಂಜಿನ್ ಉಸಿರಾಡಲಾರದು. ಬಟ್ಟೆ ತುರುಕಿದ್ದು ಮರೆಯದಂತೆ ಕೀಲಿಗೊಂದು ಕೆಂಪು ದಾರ ಕಟ್ಟುವುದು ಒಳ್ಳೆಯದು.

ಬ್ಯಾಟರಿಯನ್ನು ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ತಿರುಗಾ ಹಾಕುವಾಗ ಮೊದಲು ಪಾಸಿಟಿವ್. ಹೀಗೆ ಮಾಡಿದರೆ ಸ್ಪ್ಯಾನರ್ ಜಾರಿ ಚಾಸಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಪೂರ್ತಿ ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿಗಿಂತ ಮೇಲೆ ತೋರಿಸುತ್ತದೆ, 12.4ಕ್ಕೆ ಇಳಿದರೆ ಚಾರ್ಜ್ ಮಾಡಬೇಕು. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಮಾಡಿದರೆ ಸಾಕಾಗುತ್ತದೆ. ಚಾರ್ಜರಿನ ಕರೆಂಟು ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಪಾಲಿನಷ್ಟಿರಬೇಕು, ಲಾರಿ ಬ್ಯಾಟರಿಯ ಚಾರ್ಜರಿಗೆ ಸಿಕ್ಕಿಸಿದರೆ ಬೈಕಿನ ಬ್ಯಾಟರಿ ಉಬ್ಬುತ್ತದೆ. ಬಿಸಿ ಹೆಚ್ಚಿದಷ್ಟೂ ಬ್ಯಾಟರಿ ತಾನಾಗಿ ಇಳಿಯುವ ವೇಗ ಹೆಚ್ಚುತ್ತದೆ, ಕಲಬುರಗಿ ರಾಯಚೂರುಗಳ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಇಡಬಾರದು. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಸೋರುತ್ತದೆಂಬುದು ಮಾತ್ರ ಈಗಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ಅನ್ವಯಿಸದ ಹಳೇ ಮಾತು.

ಚೈನಿಗೆ ಎಣ್ಣೆ, ಕೇಬಲ್ಲುಗಳಿಗೆ ಎರಡು ಹನಿ, ಬಣ್ಣವಿಲ್ಲದ ಲೋಹಕ್ಕೆ ತೆಳುವಾಗಿ ಗ್ರೀಸ್ ಅಥವಾ ವ್ಯಾಸಲಿನ್. ಡಿಸ್ಕಿಗೆ ಮಾತ್ರ ಏನೂ ತಾಗಕೂಡದು. ಟೈರುಗಳಿಗೆ ಸ್ವಲ್ಪ ಹೆಚ್ಚು ಗಾಳಿ ತುಂಬಿ ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರದ ಅಡಿಗೆ ಹಲಗೆ ಕೊಡಬೇಕು. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಯನ್ನು ಎರಡು ವಾರಕ್ಕೊಮ್ಮೆ ಅರ್ಧ ಸುತ್ತು ತಳ್ಳಿ ನಿಲ್ಲಿಸಿದರೆ ಟೈರು ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಮನೆಯವರಿಗೆ ಮಾಡಲು ಏನಾದರೂ ಕೆಲಸ ಕೊಡಬೇಕೆಂದಿದ್ದರೆ ಇದನ್ನು ಕೊಡಬಹುದು.

ನಿಲ್ಲಿಸುವ ಜಾಗದ ಬಗ್ಗೆ ಇಂಗ್ಲಿಷ್ ಪುಸ್ತಕಗಳನ್ನು ಓದಿದವರು ಹಿಮದ ಮಾತಾಡುತ್ತಾರೆ. ಅಲ್ಲಿ ಗಾಡಿ ಮಲಗುವುದು ನವೆಂಬರಿನಿಂದ ಮಾರ್ಚಿಗೆ, ಇಲ್ಲಿ ನಮ್ಮ ಶತ್ರು ಆಷಾಢ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 60 ದಾಟಿದರೆ ಉಕ್ಕಿಗೆ ತುಕ್ಕು ವೇಗವಾಗಿ ಏರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಮಳೆಗಾಲದುದ್ದಕ್ಕೂ ಗಾಳಿ ಆ ಮಿತಿಯ ಮೇಲೆಯೇ ಇರುತ್ತದೆ, ಕರಾವಳಿಯಲ್ಲಿ ಅದಕ್ಕೆ ಉಪ್ಪೂ ಸೇರುತ್ತದೆ. ಇಂಥ ಕಡೆ ಗಾಡಿಯನ್ನು ಪ್ಲಾಸ್ಟಿಕ್ ಟಾರ್ಪಾಲಿನಿಂದ ಬಿಗಿಯಾಗಿ ಸುತ್ತುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನೆಲದಿಂದ ಏಳುವ ತೇವ ಅದರೊಳಗೇ ಸಿಕ್ಕಿಕೊಂಡು ರಾತ್ರಿ ಹನಿಯಾಗುತ್ತದೆ, ಸೀಟಿಗೆ ಬೂಷ್ಟು ಹಿಡಿಯುತ್ತದೆ. ಸೂರಿನ ಕೆಳಗೆ ಹಳೆಯ ಹತ್ತಿ ಬೆಡ್‌ಶೀಟೇ ಅದಕ್ಕಿಂತ ಎಷ್ಟೋ ವಾಸಿ, ಗಾಳಿಯಾಡುತ್ತದೆ. ಮಲೆನಾಡಿನ ಮನೆಗಳಲ್ಲಿ ಖಾಲಿ ಜಾಗವೆಂದು ಕೊಟ್ಟಿಗೆಯ ಮೂಲೆಗೋ ಗೊಬ್ಬರದ ಚೀಲಗಳ ಪಕ್ಕಕ್ಕೋ ಗಾಡಿಯನ್ನು ತಳ್ಳುವುದುಂಟು. ಗಂಜಲದಿಂದ ಏಳುವ ಅಮೋನಿಯಾ ವೈರುಗಳ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ, ಪೊಟ್ಯಾಷ್ ಗೊಬ್ಬರದ ಕ್ಲೋರೈಡು ಕಬ್ಬಿಣವನ್ನು ಸಮುದ್ರದ ಉಪ್ಪಿನಂತೆಯೇ ತಿನ್ನುತ್ತದೆ. ಇಲಿಗಳು ಏರ್ ಫಿಲ್ಟರಿನಲ್ಲಿ ಗೂಡು ಮಾಡದಂತೆ ಅದರ ಬಾಯಿಗೆ ಜಾಲರಿ ಕಟ್ಟಬೇಕು, ಮತ್ತೆ ಓಡಿಸುವ ಮುನ್ನ ಮರೆಯದೆ ತೆಗೆಯಬೇಕು.

ನಿಂತ ಗಾಡಿಗೆ ಇನ್ಶೂರೆನ್ಸ್ ಯಾಕೆ ಎಂದು ಬಿಡುವವರೂ ಇದ್ದಾರೆ. ಬೆಂಕಿ, ಕಳ್ಳತನ, ನೆರೆ ಇವು ನಿಂತ ಗಾಡಿಯನ್ನೂ ಬಿಡುವುದಿಲ್ಲ. ಸ್ವಂತ ಹಾನಿಯ ಪಾಲಿಸಿ ಮುಗಿದು 90 ದಿನ ಕಳೆದರೆ ವರ್ಷಗಳಿಂದ ಕೂಡಿದ ನೋ ಕ್ಲೇಮ್ ಬೋನಸ್ ಪೂರ್ತಿ ಹೋಗುತ್ತದೆ.

ಗಾಡಿ ಮತ್ತೆ ತೆಗೆಯುವ ದಿನ ಬಟ್ಟೆ, ಜಾಲರಿಗಳನ್ನು ತೆಗೆದು, ಚಾರ್ಜಾದ ಬ್ಯಾಟರಿ ಕೂರಿಸಿ, ಗಾಳಿ ಸರಿಮಾಡಿ, ಬ್ರೇಕ್ ಹಿಡಿಯುತ್ತದೆಯೇ ಎಂದು ಅಂಗಳದಲ್ಲೇ ನೋಡಬೇಕು. ಟ್ಯಾಂಕಿನ ಪೆಟ್ರೋಲ್ ಹುಳಿ ವಾಸನೆ ಹೊಡೆದರೆ ಅದನ್ನು ಗಾಡಿಗೆ ಉಣಿಸದೆ ತೆಗೆದುಬಿಡಬೇಕು. ಕೀಲಿ ಆಫ್ ಇರುವಾಗ ಎಂಜಿನ್ನನ್ನು ನಾಲ್ಕು ಸುತ್ತು ತಿರುಗಿಸಿ ಆಮೇಲೆ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುತ್ತದೆ, ಅದು ಸಿಲಿಂಡರಿಗೆ ಬಿಟ್ಟ ಎಣ್ಣೆ, ಗಾಬರಿ ಬೇಡ. ಹೊಗೆ ನಿಂತ ಮೇಲೆ ಇಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಬರಬೇಕು.

ಈ ಎಲ್ಲ ತಯಾರಿಗೆ ಹಿಡಿಯುವುದು ಒಂದು ಮಧ್ಯಾಹ್ನ. ಊರು ಬಿಟ್ಟು ಹೊರಡುವವರು ಆ ಮಧ್ಯಾಹ್ನವನ್ನು ಗಾಡಿಗೆ ಕೊಡಲಿ. ಬಿಚ್ಚಿದ ಬ್ಯಾಟರಿಯನ್ನು ಅಪ್ಪನ ಕೈಗೆ ಕೊಟ್ಟು, ಕೀಲಿಯನ್ನು ಬೀರುವಿನಲ್ಲಿಟ್ಟು, ‘ಅಪ್ಪಾ, ತಿಂಗಳಿಗೊಮ್ಮೆ ಇದನ್ನು ಚಾರ್ಜ್ ಮಾಡಿಸಿ, ಗಾಡಿ ಮಾತ್ರ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ ಹೊರಡಲಿ.